ತಿರುಗಿಸಿ ನೋಡಿ: ಗಂಟಿಲ್ಲದ ಕಸೂತಿಯ ಒಂದು ಪಾಠ



ಕಳೆದ ವರ್ಷ ರಾಜ್ಯೋತ್ಸವಕ್ಕೆ ನಾನು ಹಾಕಿಕೊಂಡು ಬಂದಿದ್ದ ಬಿಳಿ ಕುರ್ತಾ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕುತ್ತಿಗೆ ಸುತ್ತ ಕೆಂಪು ದಾರದಲ್ಲಿ ಕೋಟೆ ತೆನೆ, ಅದರ ಮೇಲೆ ಪುಟ್ಟ ಪುಟ್ಟ ಗೋಪುರ. "ಎಲ್ಲಿ ತಗೊಂಡೆ?" ಅಂತ ಕೇಳಿದವರೇ ಜಾಸ್ತಿ. "ನಾನೇ ಹಾಕಿದ್ದು" ಅಂದಾಗ ಅರ್ಧ ಜನ ನಂಬಲಿಲ್ಲ, ಉಳಿದವರು ನಕ್ಕರು. ಹಾಸ್ಟೆಲ್‌ನಲ್ಲಿ ಸೂಜಿ ಹಿಡಿದು ಕೂತರೆ ನಗೋದು ಮಾಮೂಲು. ಆದರೆ ಅವತ್ತು ಯಾರೂ ಕೇಳದೆ ಇದ್ದ ಒಂದು ಪ್ರಶ್ನೆಯನ್ನು ಊರಿಗೆ ಹೋದಾಗ ಅಮ್ಮ ಕೇಳಿದಳು. ಮುಂಭಾಗವನ್ನು ಅವಳು ಸರಿಯಾಗಿ ನೋಡಲೂ ಇಲ್ಲ.

"ತಿರುಗ್ಸು. ಹಿಂದ್ಗಡೆ ತೋರ್ಸು."

ತಿರುಗಿಸಿದೆ. ಹಿಂದೆ ಗಂಟಿನ ಮೇಲೆ ಗಂಟು, ಒಂದು ಗೋಪುರದಿಂದ ಇನ್ನೊಂದಕ್ಕೆ ಹಾರಿದ ದಾರ, ಕತ್ತರಿಸದೆ ಬಿಟ್ಟ ತುದಿಗಳು. ಅಮ್ಮ ಬೆರಳಾಡಿಸಿ ಒಂದೇ ಮಾತು ಹೇಳಿದಳು: "ನೋಡೋರಿಗೆ ಮುಂದ್ಗಡೆ. ಹಾಕ್ಕೊಳೋರಿಗೆ ಹಿಂದ್ಗಡೆ. ಮೈಗೆ ತಾಗಾದು ಇದು."

ನಿಜ. ಇಡೀ ಕಾರ್ಯಕ್ರಮದಲ್ಲಿ ನನ್ನ ಕುತ್ತಿಗೆ ಚುಚ್ಚುತ್ತಾ ಇತ್ತು. ಸೆಖೆಗೆ ಅಂದುಕೊಂಡಿದ್ದೆ. ಈ ಪಾಠ ಆ ಮಾತಿನಿಂದ ಹುಟ್ಟಿದ್ದು.

ಕಸೂತಿ ಅಂದರೆ ಯಾವುದು?

ನಮ್ಮ ಕಡೆ, ಅಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ, ಬಟ್ಟೆ ಮೇಲೆ ಸೂಜಿಯಲ್ಲಿ ಏನು ಮಾಡಿದರೂ ಅದನ್ನ 'ಕಸೂತಿ' ಅಂತಲೋ 'ಎಂಬ್ರಾಯ್ಡರಿ' ಅಂತಲೋ 'ಹೂ ಹಾಕೋದು' ಅಂತಲೋ ಕರೀತೀವಿ. ಆದರೆ ಧಾರವಾಡದ ಕಡೆ ಕಸೂತಿ ಅನ್ನೋದು ಒಂದು ನಿರ್ದಿಷ್ಟ ಕಲೆಯ ಹೆಸರು. 'ಕೈ' ಮತ್ತು 'ಸೂತಿ', ಅಂದರೆ ಹತ್ತಿಯ ನೂಲು, ಸೇರಿ ಕಸೂತಿ ಆಯಿತು ಅನ್ನುತ್ತಾರೆ. ಇಳಕಲ್ ಸೀರೆ, ಖಣದ ಕುಪ್ಪಸ, ಕಪ್ಪು ಚಂದ್ರಕಾಳಿ ಸೀರೆ, ಇವುಗಳ ಮೇಲೆ ಆನೆ ಅಂಬಾರಿ, ತೇರು, ಗೋಪುರ, ತುಳಸಿ ಕಟ್ಟೆ, ನವಿಲು, ತೊಟ್ಟಿಲು ಮೂಡಿಸೋ ಕಲೆ. ಇದಕ್ಕೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆಯೂ ಇದೆ.

ನಮ್ಮಮ್ಮ ಹೊಸದುರ್ಗ ತಾಲ್ಲೂಕಿನವಳು, ಧಾರವಾಡ ನೋಡಿದವಳೂ ಅಲ್ಲ. ಪಕ್ಕದ ಮನೆಗೆ ಹುಬ್ಬಳ್ಳಿ ಕಡೆಯಿಂದ ಸೊಸೆಯಾಗಿ ಬಂದಿದ್ದವರು ಅವಳಿಗೆ ಕಲಿಸಿದರಂತೆ. ಆಮೇಲೆ ಮದುವೆ ಸೀಸನ್ನಿನಲ್ಲಿ ಕುಪ್ಪಸಕ್ಕೆ ಹಾಕಿಕೊಟ್ಟು ನನ್ನ ಸ್ಕೂಲ್ ಪುಸ್ತಕದ ಖರ್ಚು ತೂಗಿಸಿದ್ದಾಳೆ. ಈಗ ಪೇಟೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಬಂದಿದೆ, ಆರ್ಡರ್ ನಿಂತಿದೆ. ಕಣ್ಣೂ ಮಂಜಾಗಿದೆ. ಕಪ್ಪು ಬಟ್ಟೆಯ ಎಳೆ ಎಣಿಸೋಕೆ ಅವಳಿಗೆ ಈಗ ಆಗಲ್ಲ. ಕೈಗೆ ದಾರಿ ಗೊತ್ತು, ಆದರೆ "ಹೆಂಗೆ ಗೊತ್ತಾಗುತ್ತೆ?" ಅಂತ ಕೇಳಿದರೆ "ಹಾಕ್ತಾ ಹಾಕ್ತಾ ಬರುತ್ತೆ" ಅನ್ನುತ್ತಾಳೆ. ಆ ಉತ್ತರದಲ್ಲಿ ನನಗೆ ಕಲಿಯೋಕೆ ಆಗಲಿಲ್ಲ. ಅವಳ ಕೈಯಲ್ಲಿರೋ ನಿಯಮವನ್ನು ಕಾಗದದ ಮೇಲೆ ತರಬೇಕು ಅನ್ನಿಸಿತು.

ನಾಲ್ಕು ಹೊಲಿಗೆಗಳು

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ.

1. ಗವಂತಿ: ನೇರ, ಅಡ್ಡ, ಓರೆ ಗೆರೆಗಳು. ಒಂದು ಸಲ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತೆ. ವಾಪಸ್ ಬರುವಾಗ ಬಿಟ್ಟ ಮನೆ ತುಂಬುತ್ತೆ.

2. ಮುರ್ಗಿ: ಅದೇ ವಿಧಾನ, ಆದರೆ ಮೆಟ್ಟಿಲಿನ ಹಾಗೆ ಅಂಕುಡೊಂಕಾಗಿ ಹೋಗುತ್ತೆ.

3. ನೇಗಿ: ನೇಯ್ಗೆಯ ಹಾಗೆ ಕಾಣೋದು. ಉದ್ದ, ಗಿಡ್ಡ ಓಟದ ಹೊಲಿಗೆಗಳನ್ನು ಸಾಲಾಗಿ ಹಾಕಿದರೆ ವಿನ್ಯಾಸ ಮೂಡುತ್ತೆ.

4. ಮೆಂತೆ: ಅಡ್ಡಡ್ಡ ದಾಟಿಸೋ ಹೊಲಿಗೆ, ಮೆಂತ್ಯದ ಕಾಳು ಚೆಲ್ಲಿದ ಹಾಗೆ ಕಾಣುತ್ತೆ. ತುಂಬೋಕೆ ಬಳಸ್ತಾರೆ.

ಇದರಲ್ಲಿ ಗವಂತಿ ಮತ್ತು ಮುರ್ಗಿ ವಿಶೇಷ. ಸರಿಯಾಗಿ ಹಾಕಿದರೆ ಮುಂದೆ ಇದ್ದಂತೆಯೇ ಹಿಂದೆ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳೋದಿಲ್ಲ, ಎಳೆ ಎಣಿಸಿ ಹೊಲೀತಾರೆ. ಗಂಟು ಹಾಕೋದಿಲ್ಲ. ನಮ್ಮ ಪಾಠ ಈ ಎರಡು ಹೊಲಿಗೆಗಷ್ಟೇ ಸೀಮಿತ.

ಇದು ನಮ್ಮಲ್ಲಿ ಮಾತ್ರ ಇರೋದಲ್ಲ. ಯುರೋಪಿನಲ್ಲಿ ಇದೇ ಹೊಲಿಗೆಗೆ ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹ್ಯಾನ್ಸ್ ಹೋಲ್ಬೈನ್ ಬರೆದ ಇಂಗ್ಲೆಂಡಿನ ಅರಮನೆಯವರ ಚಿತ್ರಗಳಲ್ಲಿ ಅಂಗಿಯ ಕೈತುದಿಯ ಮೇಲೆ ಈ ಹೊಲಿಗೆ ಕಾಣುತ್ತೆ, ಅದಕ್ಕೇ ಆ ಹೆಸರು. ಕೈ ಮಡಚಿದಾಗ ಒಳಭಾಗವೂ ಕಾಣುತ್ತಲ್ಲ, ಅಲ್ಲಿ ಎರಡೂ ಕಡೆ ಒಂದೇ ಇರಬೇಕು.

ನಾನು ಎಲ್ಲಿ ಎಡವಿದೆ?

ಕುರ್ತಾ ಆದಮೇಲೆ ಒಂದು ತುಂಡು ಮ್ಯಾಟಿ ಬಟ್ಟೆ ತಗೊಂಡು ಮೊದಲಿಂದ ಶುರು ಮಾಡಿದೆ. ನೇರ ಗೆರೆ ಬಂತು. ಮೆಟ್ಟಿಲು ಬಂತು. ತುಳಸಿ ಕಟ್ಟೆ ಹಾಕೋಕೆ ಹೋದೆ, ಕೆಳಗೊಂದು ಚೌಕ ಬೇಕಲ್ಲ, ಅಲ್ಲೇ ಕೆಟ್ಟಿತು.

ಚೌಕಕ್ಕೆ ನಾಲ್ಕು ಬದಿ. ಮೊದಲ ಬದಿ ಬಟ್ಟೆಯ ಮೇಲೆ, ಎರಡನೇದು ಕೆಳಗೆ, ಮೂರನೇದು ಮೇಲೆ, ನಾಲ್ಕನೇದು ಕೆಳಗೆ. ಒಂದು ಸುತ್ತು ಮುಗೀತು. ಈಗ ಖಾಲಿ ಇರೋ ಜಾಗ ತುಂಬೋಕೆ ಅದೇ ದಿಕ್ಕಿಗೆ ಇನ್ನೊಂದು ಸುತ್ತು ಹೊರಟೆ. ಐದನೇ ಹೆಜ್ಜೆ ಮತ್ತೆ ಮೇಲೆ ಬಂತು. ಆದರೆ ಆ ಬದಿ ಮೊದಲೇ ಮೇಲೆ ತುಂಬಿತ್ತು! ಎರಡು ಬದಿಗೆ ಮುಂದೆ ಎರಡೆರಡು ದಾರ, ಇನ್ನೆರಡು ಬದಿಗೆ ಮುಂದೆ ಏನೂ ಇಲ್ಲ. ಮೂರು ಸಲ ಬಿಚ್ಚಿದೆ. ಕೊನೆಗೆ ಗಂಟು ಹಾಕಿ ಮೋಸ ಮಾಡಿದೆ. ಹಿಂದೆ ಮತ್ತೆ ಅದೇ ಕಾಡು.

ಆ ವಾರ ಕ್ಲಾಸಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಪಾಠ, ಬೋರ್ಡಿನ ಮೇಲೆ ಡೆಪ್ತ್ ಫಸ್ಟ್ ಸರ್ಚ್. ಒಂದು ನೋಡಿನಿಂದ ಆಳಕ್ಕೆ ಹೋಗು, ದಾರಿ ಮುಗಿದರೆ ಬಂದ ದಾರಿಯಲ್ಲೇ ವಾಪಸ್ ಬಾ, ಇನ್ನೊಂದು ಕವಲು ಇದ್ದರೆ ಅದಕ್ಕೆ ಹೋಗು. ನೋಡ್ತಾ ನೋಡ್ತಾ ನನಗೆ ಕಂಡಿದ್ದು ಅಮ್ಮನ ಸೂಜಿ. ಅವಳು ಸುತ್ತು ಹೊಡೆಯೋದೇ ಇಲ್ಲ. ಹೋದ ದಾರಿಯಲ್ಲೇ ವಾಪಸ್ ಬರ್ತಾಳೆ!

ನಿಯಮ

ವಿನ್ಯಾಸವನ್ನು ಒಂದು ಗ್ರಾಫ್ ಅಂದುಕೊಳ್ಳಿ. ಸೂಜಿ ತೂರೋ ತೂತು ಒಂದೊಂದೂ ನೋಡ್. ಎರಡು ತೂತುಗಳ ನಡುವಿನ ಒಂದು ಹೊಲಿಗೆ ಎಡ್ಜ್. ನಮ್ಮ ಷರತ್ತು ಎರಡೇ:

ಒಂದು, ಪ್ರತಿ ಎಡ್ಜ್ ಮೇಲೂ ದಾರ ಎರಡು ಸಲ ಹೋಗಬೇಕು: ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ಎರಡು, ಹೆಜ್ಜೆಗಳು ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ಒಂದಾದ ಮೇಲೊಂದು ಬರಬೇಕು. ಸೂಜಿ ಬಟ್ಟೆ ತೂರಿದ ಮೇಲೆ ಬೇರೆ ದಾರಿ ಇಲ್ಲವಲ್ಲ.

1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ಸೇತುವೆಗಳ ಸಮಸ್ಯೆಗೆ ಉತ್ತರ ಕೊಟ್ಟಿದ್ದು ಓದಿದ್ದೀವಿ: ಶುರು ಮಾಡಿದ ಜಾಗಕ್ಕೇ ಮರಳಬೇಕಾದರೆ ಪ್ರತಿ ನೋಡಿಗೂ ಸರಿಸಂಖ್ಯೆಯ ಎಡ್ಜ್ ಇರಬೇಕು. ಕಸೂತಿಯಲ್ಲಿ ಪ್ರತಿ ಎಡ್ಜ್ ಎರಡು ಸಲ ಆಗೋದರಿಂದ ಎಲ್ಲಾ ನೋಡೂ ತಾನಾಗೇ ಸರಿಸಂಖ್ಯೆ. ಹಾಗಾಗಿ ಮರಳಿ ಬರೋ ದಾರಿ ಇದ್ದೇ ಇದೆ. ಉಳಿದ ಪ್ರಶ್ನೆ ಒಂದೇ: ಮೇಲೆ ಕೆಳಗಿನ ಲೆಕ್ಕವೂ ಸರಿಹೋಗುತ್ತಾ?

ಸಣ್ಣ ಉದಾಹರಣೆ ತಗೊಳ್ಳೋಣ. ಅ, ಆ, ಇ, ಈ ಅಂತ ಒಂದೇ ಗೆರೆಯಲ್ಲಿ ನಾಲ್ಕು ತೂತು. 'ಇ' ಇಂದ ಮೇಲಕ್ಕೆ ಒಂದು ಕವಲು, ಅದರ ತುದಿ 'ಉ'. ಒಟ್ಟು ನಾಲ್ಕು ಎಡ್ಜ್. ಹೀಗೆ ಹೊಲೀರಿ:

1. ಅ ಇಂದ ಆ: ಮೇಲೆ
2. ಆ ಇಂದ ಇ: ಕೆಳಗೆ
3. ಇ ಇಂದ ಉ: ಮೇಲೆ (ಕವಲಿಗೆ ಹೊರಟೆವು)
4. ಉ ಇಂದ ಇ: ಕೆಳಗೆ (ಕವಲು ಮುಗೀತು)
5. ಇ ಇಂದ ಈ: ಮೇಲೆ
6. ಈ ಇಂದ ಇ: ಕೆಳಗೆ (ತುದಿ ಮುಟ್ಟಿ ತಿರುಗಿದೆವು)
7. ಇ ಇಂದ ಆ: ಮೇಲೆ
8. ಆ ಇಂದ ಅ: ಕೆಳಗೆ

ಪಟ್ಟಿ ನೋಡಿ. ನಾಲ್ಕು ಎಡ್ಜಿಗೂ ಒಂದು ಮೇಲೆ, ಒಂದು ಕೆಳಗೆ ಸಿಕ್ಕಿದೆ. ಶುರು ಮಾಡಿದ ಜಾಗಕ್ಕೇ ಬಂದಿದ್ದೀವಿ.

ಇದು ಅದೃಷ್ಟಾನಾ? ಅಲ್ಲ. ಯಾವುದೇ ಕವಲಿಗೆ ಹೋಗಿ ಪೂರ್ತಿ ಮುಗಿಸಿ ಬಂದರೆ, ಅಲ್ಲಿರೋ ಪ್ರತಿ ಎಡ್ಜ್ ಎರಡು ಸಲ ಆಗಿರುತ್ತೆ. ಅಂದರೆ ಕವಲಿಗೆ ಖರ್ಚಾದ ಹೆಜ್ಜೆ ಯಾವಾಗಲೂ ಸರಿಸಂಖ್ಯೆ. ಸರಿಸಂಖ್ಯೆ ಹೆಜ್ಜೆ ಆದಮೇಲೆ ಸೂಜಿ ಹೊರಟಾಗ ಯಾವ ಕಡೆ ಇತ್ತೋ ಅದೇ ಕಡೆ ಇರುತ್ತೆ; ಕವಲಿಗೆ ಹೋಗೇ ಇಲ್ಲವೇನೋ ಅನ್ನೋ ಹಾಗೆ ಮುಂದುವರಿಯಬಹುದು. ಒಂದು ಎಡ್ಜನ್ನು ಹೋಗುವಾಗ ಮೇಲೆ ದಾಟಿದ್ದರೆ, ಅದರಾಚೆಗಿನದೆಲ್ಲ ಮುಗಿಸಿ ವಾಪಸ್ ಬರುವಾಗ ಖಂಡಿತ ಕೆಳಗೆ ದಾಟುತ್ತೀರಿ. ಬೇರೆ ಆಯ್ಕೆಯೇ ಇಲ್ಲ.

ಚೌಕದಂಥ ಮುಚ್ಚಿದ ಆಕಾರ ಬಂದರೆ? ಮೂರು ಬದಿ ಸಾಗಿ, ನಾಲ್ಕನೇ ಬದಿಯನ್ನು ಒಂದು ಕವಲು ಅಂತ ಭಾವಿಸಿ. ಶುರುವಿನ ತೂತನ್ನು ಮುಟ್ಟಿ, ತಕ್ಷಣ ಅದೇ ಬದಿಯಲ್ಲಿ ವಾಪಸ್ ಬನ್ನಿ. ಆಮೇಲೆ ಬಂದ ದಾರಿ ಹಿಡಿಯಿರಿ. ಅಷ್ಟೇ.

ಹಾಗಾಗಿ ಪಾಠದ ಮುಖ್ಯ ಮಾತು ಇದು: ಬಿಡದೆ ಒಂದಕ್ಕೊಂದು ಕೂಡಿಕೊಂಡಿರೋ ಯಾವ ವಿನ್ಯಾಸವನ್ನಾದರೂ, ಎಷ್ಟೇ ಕಷ್ಟ ಕಾಣಲಿ, ಗಂಟಿಲ್ಲದೆ, ಹಾರಿಸದೆ, ಎರಡೂ ಕಡೆ ಒಂದೇ ಥರ ಹೊಲಿಯಬಹುದು. ದಾರ ಸಾಕಾಗದೆ ಹೊಸದು ಸೇರಿಸಬೇಕಾಗಬಹುದು, ಆದರೆ ದಾರಿ ಇದ್ದೇ ಇರುತ್ತೆ. ಗೋಪುರ ಬರಲಿಲ್ಲ ಅಂದರೆ ಕೈಯಲ್ಲಿ ಕಲೆ ಇಲ್ಲ ಅಂತಲ್ಲ, ಎಲ್ಲೋ ವಾಪಸ್ ಬರೋದು ಮರೆತಿದ್ದೀವಿ ಅಂತ. ನನಗೆ ಇದು ದೊಡ್ಡ ಸಮಾಧಾನ ಕೊಟ್ಟಿತು. ಜೋಶುವಾ ಹೋಲ್ಡನ್ ಅನ್ನೋ ಅಮೆರಿಕದ ಗಣಿತಜ್ಞ ಯುರೋಪಿನ ಬ್ಲ್ಯಾಕ್‌ವರ್ಕ್ ಕಸೂತಿಯನ್ನು ಗ್ರಾಫ್ ಥಿಯರಿಯಲ್ಲಿ ಇಟ್ಟು ಬರೆದಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅದಕ್ಕೂ ಎಷ್ಟೋ ಮೊದಲೇ ನಮ್ಮ ಅಜ್ಜಿಯಂದಿರು ಲಾಂದ್ರದ ಬೆಳಕಲ್ಲಿ ಬ್ಯಾಕ್‌ಟ್ರ್ಯಾಕಿಂಗ್ ಮಾಡ್ತಿದ್ದರು, ಹೆಸರು ಇಟ್ಟಿರಲಿಲ್ಲ ಅಷ್ಟೇ.

ಕೈಗೆ ತಗೊಳ್ಳೋಣ

ಬೇಕಾದ್ದು: ಒಂದು ಗೇಣು ಮ್ಯಾಟಿ ಬಟ್ಟೆ, ಮೊಂಡು ತುದಿಯ ಸೂಜಿ, ಒಂದು ಲಚ್ಚಿ ಕಸೂತಿ ದಾರ, ಸಣ್ಣ ಕತ್ತರಿ, ಚೌಕದ ಹಾಳೆ. ಮ್ಯಾಟಿ ಬಟ್ಟೆಯಲ್ಲಿ ಮನೆಗಳು ಕಣ್ಣಿಗೇ ಕಾಣೋದರಿಂದ ಎಣಿಸೋದು ಸುಲಭ.

ಮೊದಲು ಹಾಳೆ ಮೇಲೆ ವಿನ್ಯಾಸ ಬರೆದು, ಪೆನ್ಸಿಲ್ ಎತ್ತದೆ ದಾರಿ ಗುರುತಿಸಿ. ಪ್ರತಿ ಗೆರೆ ಮೇಲೂ ಎರಡು ಸಲ ಹೋದಿರಾ ನೋಡಿ. ಇಲ್ಲಿ ಹತ್ತು ನಿಮಿಷ ಕಳೆದರೆ ಬಿಚ್ಚೋ ಒಂದು ಗಂಟೆ ಉಳಿಯುತ್ತೆ.

ದಾರದಲ್ಲಿ ಆರು ಎಳೆ ಇರುತ್ತೆ, ಎರಡೇ ಎಳೆ ಬಿಡಿಸಿಕೊಳ್ಳಿ. ಮೊಳ ಉದ್ದ ಸಾಕು, ಜಾಸ್ತಿ ತಗೊಂಡರೆ ಸಿಕ್ಕಾಗುತ್ತೆ. ಗಂಟು ಹಾಕಬೇಡಿ. ಎರಡು ಇಂಚು ತುದಿ ಹಿಂದೆ ಬಿಟ್ಟು ಶುರು ಮಾಡಿ. ಕೊನೆಯಲ್ಲಿ ಅದನ್ನು ಹೊಲಿಗೆಗಳ ಅಡಿಯಲ್ಲೇ ತೂರಿಸಿ ಕತ್ತರಿಸಿ.

ಕುರ್ತಾ, ಶರ್ಟಿನಂಥ ಸಣ್ಣ ನೇಯ್ಗೆಯ ಬಟ್ಟೆ ಆದರೆ ಎಳೆ ಎಣಿಸೋದು ಕಷ್ಟ. ಅದರ ಮೇಲೆ ಬಲೆಯಂಥ ವೇಸ್ಟ್ ಕ್ಯಾನ್ವಾಸ್ ಇಟ್ಟು, ಟಾಕು ಹಾಕಿ, ಅದರ ಮನೆ ಎಣಿಸುತ್ತಾ ಚೂಪು ಸೂಜಿಯಲ್ಲಿ ಹೊಲೀರಿ. ಮುಗಿದ ಮೇಲೆ ನೀರು ಚಿಮುಕಿಸಿ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೀರಿ. ಕೆಂಪು ದಾರವನ್ನು ಮೊದಲೇ ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಬೇರೆ ತಗೊಳ್ಳಿ. ರಾಜ್ಯೋತ್ಸವದ ಬಿಳಿ ಕುರ್ತಾ ಗುಲಾಬಿ ಆದರೆ ಯಾರನ್ನ ಕೇಳ್ತೀರಿ?

ಎಸ್ಟಿಮೇಟ್ ಮತ್ತು ವಾಸ್ತವ

ಈ ವರ್ಷ ಹೊಸ ಕುರ್ತಾಗೆ ಹಾಕೋ ಮೊದಲು ಲೆಕ್ಕ ಹಾಕಿದೆ. ನಮ್ಮ ಏಳು ಸುತ್ತಿನ ಕೋಟೆಯ ತೆನೆಯನ್ನೇ ಅಂಚು ಮಾಡಿಕೊಂಡೆ: ಮೇಲಕ್ಕೆ ಒಂದು, ಬಲಕ್ಕೆ ಒಂದು, ಕೆಳಕ್ಕೆ ಒಂದು, ಬಲಕ್ಕೆ ಒಂದು. ಎರಡು ಮನೆ ಅಗಲಕ್ಕೆ ನಾಲ್ಕು ಹೊಲಿಗೆ. ಇಂಚಿಗೆ 10 ಮನೆ, ಅಂಚಿನ ಉದ್ದ 16 ಇಂಚು. ಅಂದರೆ 160 ಮನೆ, 80 ತೆನೆ, 320 ಹೊಲಿಗೆ. ತೆನೆಯ ಮೇಲೆ ಕವಲಾಗಿ ಹೊರಡೋ 10 ಗೋಪುರ, ಒಂದಕ್ಕೆ 24 ಹೊಲಿಗೆಯಂತೆ 240. ಒಟ್ಟು 560 ಎಡ್ಜ್, 1,120 ಹೆಜ್ಜೆ.

ಒಂದು ಹೆಜ್ಜೆಗೆ ಇಂಚಿನ ಹತ್ತನೇ ಒಂದು ಭಾಗ ದಾರ, ಅಂದರೆ 112 ಇಂಚು, ಸುಮಾರು 2.8 ಮೀಟರ್. ಬಟ್ಟೆಯ ದಪ್ಪಕ್ಕೆ, ತುದಿಗಳಿಗೆ ಸ್ವಲ್ಪ ಸೇರಿಸಿಕೊಳ್ಳಿ. 8 ಮೀಟರಿನ ಲಚ್ಚಿಯಿಂದ ಎರಡೆರಡು ಎಳೆ ಬಿಡಿಸಿದರೆ 24 ಮೀಟರ್ ಸಿಗುತ್ತೆ. ದಾರದ ಖರ್ಚು ಏನೇನೂ ಅಲ್ಲ.

ಸಮಯ? ಹೆಜ್ಜೆಗೆ 6 ಸೆಕೆಂಡ್ ಅಂದುಕೊಂಡರೆ 1 ಗಂಟೆ 52 ನಿಮಿಷ. ನಿಜವಾಗಿ ಹಿಡಿದಿದ್ದು ಒಂಬತ್ತು ಗಂಟೆ, ಎರಡು ವಾರದ ಸಂಜೆಗಳು. ಸೂಜಿಗೆ ದಾರ ಪೋಣಿಸೋದು, ತಪ್ಪು ಎಣಿಸಿ ಬಿಚ್ಚೋದು, ರೂಮ್‌ಮೇಟ್ ಜೊತೆ ಮಾತು, ಇದೆಲ್ಲ ಎಸ್ಟಿಮೇಟಿನಲ್ಲಿ ಇರಲಿಲ್ಲ. "ನಮಗೂ ಇಪ್ಪತ್ತು ಕುರ್ತಾಗೆ ಹಾಕಿಕೊಡು" ಅಂದವರೇ, ಈಗ ನೀವೇ ಗುಣಿಸಿ ನೋಡಿ. ಕೈಕಸೂತಿಯ ಕುಪ್ಪಸಕ್ಕೆ ನಾವು ಚೌಕಾಸಿ ಮಾಡುವಾಗ ಯಾವುದನ್ನು ಚೌಕಾಸಿ ಮಾಡ್ತಿದ್ದೀವಿ ಅನ್ನೋದೂ ಆಗ ಗೊತ್ತಾಗುತ್ತೆ.

ನಮ್ಮ ತಾಲ್ಲೂಕುಗಳ ತಾಂಡಾದಲ್ಲಿ

ಕಸೂತಿ ಕಲಿಯೋಕೆ ಧಾರವಾಡಕ್ಕೇ ಹೋಗಬೇಕಾಗಿಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ನಮ್ಮ ಕ್ಲಾಸಿನಲ್ಲೇ ತಾಂಡಾದಿಂದ ಬರೋರಿದ್ದಾರೆ. ಅವರ ಅಜ್ಜಿಯರ ಫೇಟಿಯಾ, ಕಾಂಚಳಿ ಮೇಲೆ ಕನ್ನಡಿ, ಕವಡೆ, ನಾಣ್ಯ ಸೇರಿಸಿದ ಕೆಲಸ ಬೇರೆಯದೇ ಲೋಕ. ಕನ್ನಡಿಗೆ ತೂತೇ ಇಲ್ಲ, ಹೇಗೆ ನಿಲ್ಲುತ್ತೆ ಯೋಚಿಸಿದ್ದೀರಾ? ಅದರ ಮೇಲೆ ಅಡ್ಡಡ್ಡ ನಾಲ್ಕು ದಾರ ಬಿಗಿದು ಚೌಕಟ್ಟು ಮಾಡಿ, ಆಮೇಲೆ ಸುತ್ತಲೂ ಹೊಲಿಯುತ್ತಾ ಆ ದಾರಗಳನ್ನು ಅಂಚಿನ ಕಡೆಗೆ ಎಳೀತಾರೆ. ದಾರದ ಬಿಗುವೇ ಕನ್ನಡಿಯನ್ನು ಹಿಡಿಯುತ್ತೆ. ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಓದಿದ ಸಿವಿಲ್‌ನವರಿಗೆ ಬಿಗುವಿನಿಂದ ಬಲ ಬರೋ ಈ ಉಪಾಯ ಹೊಸದೇನಲ್ಲ.

ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂಡೂರಿನಲ್ಲಿ ಕಲಿಯೋಕೆ, ಮಾರೋಕೆ ಒಂದು ಕೇಂದ್ರ ಇದೆ. ನಮ್ಮ ಪಕ್ಕದ ತಾಂಡಾದ ಅಜ್ಜಿಯ ಪೆಟ್ಟಿಗೆಯಲ್ಲಿರೋ ಫೇಟಿಯಾಗೆ ಅಂಥ ಕೇಂದ್ರ ಇಲ್ಲದಿರಬಹುದು, ಆದರೆ ಮೊಮ್ಮಗಳು ಇದ್ದಾಳೆ. ಊರಿಗೆ ಹೋದಾಗ ಪೆಟ್ಟಿಗೆ ತೆಗೆಸಿ, ಒಂದು ಹೊಲಿಗೆಯನ್ನಾದರೂ ಹೆಸರು ಕೇಳಿ ಬರೆದುಕೊಳ್ಳಿ.

ಅಮ್ಮನ ವೈವಾ

ಹೊಸ ಕುರ್ತಾ ಮುಗಿದ ವಾರ ಹೊಳಲ್ಕೆರೆ ಮೇಲೆ ಬಸ್ಸು ಹಿಡಿದು ಊರಿಗೆ ಹೋದೆ. ಅಮ್ಮ ಬಾಗಿಲ ಬೆಳಕಲ್ಲಿ ಕೂತು ತಾನೇ ತಿರುಗಿಸಿದಳು. ಕನ್ನಡಕ ಹಾಕಿಕೊಳ್ಳಲಿಲ್ಲ. ಬೆರಳ ತುದಿಯಿಂದ ಅಂಚಿನ ಉದ್ದಕ್ಕೂ ನಿಧಾನಕ್ಕೆ ಸವರುತ್ತಾ ಹೋದಳು. ಏಳನೇ ಗೋಪುರದ ಹತ್ತಿರ ಬೆರಳು ನಿಂತಿತು.

"ಇಲ್ಲಿ ಒಂದ್ ಮನೆ ಹಾರ್ಸಿದೀಯ."

ಬೆಳಕಿಗೆ ಹಿಡಿದು ನೋಡಿದೆ. ಹೌದು, ಒಂದೇ ಒಂದು ಹೆಜ್ಜೆ. ಮೊಬೈಲಿನಲ್ಲಿ ಜೂಮ್ ಮಾಡಿ ನೋಡಿದಾಗಲೂ ನನಗೆ ಸಿಕ್ಕಿರಲಿಲ್ಲ. ಬಿಚ್ಚಲಾ ಅಂದೆ. "ಬ್ಯಾಡ, ಇರ್ಲಿ, ಮುಂದಿನದ್ರಲ್ಲಿ ನೋಡ್ಕೋ" ಅಂದು, ಮಡಚಿ ಕೈಗೆ ಕೊಟ್ಟಳು. ಮಡಚುವಾಗ ಒಳಭಾಗವನ್ನೇ ಹೊರಗೆ ಮಾಡಿದ್ದಳು.

ಅಭ್ಯಾಸ

1. ಮೇಲಿನ ಅ, ಆ, ಇ, ಈ, ಉ ವಿನ್ಯಾಸವನ್ನು ಹೊಲಿದು ಹಿಂದೆ ತಿರುಗಿಸಿ ನೋಡಿ.

2. ಚೌಕದಲ್ಲಿ ಅದೇ ದಿಕ್ಕಿಗೆ ಎರಡು ಸುತ್ತು ಹೋದರೆ ಕೆಡುತ್ತೆ. ತ್ರಿಕೋನದಲ್ಲಿ ಕೆಡಲ್ಲ. ಯಾಕೆ? (ಸುಳಿವು: 4 ಸರಿ, 3 ಬೆಸ.)

3. ಒಂದಕ್ಕೊಂದು ಅಂಟಿರೋ ಎರಡು ಚೌಕಗಳಿಗೆ, ಅಂದರೆ ಏಳು ಎಡ್ಜಿಗೆ, 14 ಹೆಜ್ಜೆಯ ದಾರಿ ಬರೆಯಿರಿ.

4. ನಿಮ್ಮ ಮನೆಯಲ್ಲಿರೋ ಹಳೇ ಕುಪ್ಪಸವೋ ದಿಂಬಿನ ಕವರೋ ತಗೊಂಡು, ಹಿಂಭಾಗ ನೋಡಿ ಹೊಲಿದವರು ಎಲ್ಲಿಂದ ಹೊರಟು ಎಲ್ಲಿ ತಿರುಗಿದರು ಅಂತ ಪತ್ತೆ ಹಚ್ಚಿ.

ಅನುಮಾನ ಇದ್ದವರು ಸೂಜಿ, ಬಟ್ಟೆ ಹಿಡಿದು ಸಂಜೆ ಸಿಗಿ, ಜೊತೆಗೆ ಕೂತು ಹೊಲಿಯೋಣ. ನಗೋರು ಬಂದರೂ ತೊಂದರೆ ಇಲ್ಲ. ಮೊದಲ ಕವಲು ಮುಗಿಸಿ ವಾಪಸ್ ಬರೋ ಹೊತ್ತಿಗೆ ನಗು ನಿಂತಿರುತ್ತೆ, ಎಣಿಕೆ ಶುರುವಾಗಿರುತ್ತೆ.